ಬೆನ್ನೆಲುಬಿನ ವಾತವೂ ರಕ್ತದಲ್ಲಿನ ಕುರುಹೂ

ನಡು ಹಿಡಿದುಕೊಳ್ಳುವುದೆಂಬುದು ನಮ್ಮ ಸೀಮೆಗೆ ಹೊಸ ಮಾತಲ್ಲ. ಹರಿಹರದ ಕಾರ್ಖಾನೆಯಲ್ಲಿ ಲೇಥು ಯಂತ್ರದ ಮುಂದೆ ನಿಂತು ದುಡಿದವರು, ದಾವಣಗೆರೆಯ ಹತ್ತಿಯ ಗಿರಣಿಗಳಲ್ಲಿ ರಾತ್ರಿಯ ಪಾಳಿ ಮಾಡಿದವರು, ಮಂಡಕ್ಕಿ ಭಟ್ಟಿಯ ಬೆಂಕಿಯೆದುರು ಬಗ್ಗಿ ಎದ್ದವರು, ಭದ್ರಾ ಕಾಲುವೆಯ ಗದ್ದೆಗಳಲ್ಲಿ ನಾಟಿ ಹಾಕಿದವರು, ಇವರೆಲ್ಲರಿಗೂ ನಡುನೋವು ಕರೆಯದೆ ಬರುವ ನೆಂಟ. ಆದಕಾರಣ ಇಪ್ಪತ್ತೆರಡು ವರ್ಷದ ಹುಡುಗನೊಬ್ಬನು ಬೆಳಗಿನ ಜಾವ ನಿದ್ದೆಗೆಟ್ಟು ಎದ್ದು ಕುಳಿತು, ಬೆನ್ನು ಕೊರಡಿನಂತಾಗಿದೆ ಎಂದರೆ ಮನೆಯವರು ಅಷ್ಟಾಗಿ ಕಳವಳಪಡುವುದಿಲ್ಲ. ಭಾರ ಎತ್ತಿರಬೇಕು ಎನ್ನುವರು. ಇಲ್ಲವೆ ವಾಯು ಎನ್ನುವರು. ಹುಡುಗನು ಜಗಳೂರಿನ ಕಡೆಯವನಾದರೆ ನೀರಿನ ದೋಷವೆನ್ನುವರು. ಈ ಮೂರು ಉತ್ತರಗಳಲ್ಲಿ ಯಾವುದೂ ಹುರುಳಿಲ್ಲದ್ದಲ್ಲ. ಆದರೆ ನಾಲ್ಕನೆಯ ಉತ್ತರವೊಂದುಂಟು. ಅದು ೧೯೭೩ನೆಯ ಇಸವಿಯಲ್ಲಿ ಪ್ರಪಂಚಕ್ಕೆ ತಿಳಿದುಬಂದಿತು. ಈಗ ನಮ್ಮ ಊರಿನ ವೈದ್ಯರು ಬರೆದುಕೊಡುವ ಚೀಟಿಯಲ್ಲಿಯೂ ‘ಎಚ್.ಎಲ್.ಎ. ಬಿ-೨೭’ ಎಂಬ ಪರೀಕ್ಷೆಯ ಹೆಸರಾಗಿ ಅದು ಕಾಣಿಸಿಕೊಳ್ಳುವುದುಂಟು. ಆ ಚೀಟಿಯನ್ನು ಹಿಡಿದವರಲ್ಲಿ ಅನೇಕರಿಗೆ ಅದು ರೋಗದ ಹೆಸರೋ, ಕ್ರಿಮಿಯ ಹೆಸರೋ, ವಿಧಿಯ ತೀರ್ಪೋ ತಿಳಿಯದು. ಆ ಕುರುಹು ಎಲ್ಲಿಂದ ಬಂದಿತು, ಅದು ಏನನ್ನು ಹೇಳಬಲ್ಲದು, ಏನನ್ನು ಹೇಳಲಾರದು ಎಂಬುದರ ಚರಿತ್ರೆಯನ್ನು ಇಲ್ಲಿ ವಾಚಕರ ಮುಂದಿಡುತ್ತೇವೆ.

ಮೊದಲು ವಾಯುವಿನ ಮಾತು. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಎಂಬತ್ತು ವಾತವಿಕಾರಗಳ ಪಟ್ಟಿಯೊಂದುಂಟು. ಅದರಲ್ಲಿ ತ್ರಿಕಗ್ರಹ, ಪೃಷ್ಠಗ್ರಹ, ಕುಬ್ಜತ್ವ ಎಂಬ ಮೂರು ಹೆಸರುಗಳು ಕಾಣಬರುವುವು. ತ್ರಿಕವೆಂದರೆ ಬೆನ್ನೆಲುಬು ಸೊಂಟದ ಎಲುಬುಗಳನ್ನು ಕೂಡುವ ಜಾಗ, ಪೃಷ್ಠವೆಂದರೆ ಬೆನ್ನು, ಕುಬ್ಜತ್ವವೆಂದರೆ ಗೂನು. ನಾವು ಹೇಳಹೊರಟಿರುವ ರೋಗವು ಸೊಂಟದ ಸಂಧಿಯಲ್ಲಿ ಹುಟ್ಟಿ, ಬೆನ್ನನ್ನು ಏರಿ, ಕಡೆಗೆ ಮನುಷ್ಯನನ್ನು ಗೂನಾಗಿಸುವುದು ಇದೇ ಕ್ರಮದಲ್ಲಿ. ಆದರೆ ಚರಕನು ಇದೇ ರೋಗವನ್ನು ಕಂಡಿದ್ದನೆಂದು ಸಾಧಿಸುವ ಹಟ ನಮಗೆ ಬೇಡ. ಆ ಮೂರು ಹೆಸರುಗಳು ಪಟ್ಟಿಯಲ್ಲಿ ಬಿಡಿಬಿಡಿಯಾಗಿಯೇ ಇವೆ; ಒಂದೇ ರೋಗದ ಮೂರು ಮೆಟ್ಟಿಲುಗಳೆಂದು ಅಲ್ಲಿ ಹೇಳಿಲ್ಲ. ಪ್ರಾಚೀನರ ಕಣ್ಣು ಸೂಕ್ಷ್ಮವಾಗಿತ್ತೆಂದು ಹೇಳಿದರೆ ಅವರಿಗೆ ಸಲ್ಲಬೇಕಾದ ಗೌರವ ಸಂದಂತೆಯೇ ಸರಿ.

ನೀರಿನ ಮಾತು ಇದಕ್ಕಿಂತ ಗಟ್ಟಿಯಾದದ್ದು. ೧೯೩೭ರಲ್ಲಿ ಷಾರ್ಟ್, ಪಂಡಿತ್, ರಾಘವಾಚಾರಿ ಎಂಬ ಮೂವರು ಅಂದಿನ ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯ ಹಳ್ಳಿಗಳಲ್ಲಿ ಬೆನ್ನು ಬಿಗಿದು, ಕತ್ತು ಹೊರಳಿಸಲಾರದೆ, ಮೈಯೆಲ್ಲ ಒಂದೇ ತುಂಡಾದ ಜನರನ್ನು ಪರೀಕ್ಷಿಸಿ, ಅದಕ್ಕೆ ಬಾವಿಯ ನೀರಿನಲ್ಲಿ ಮಿತಿಮೀರಿದ್ದ ಫ್ಲೋರೈಡ್ ಕಾರಣವೆಂದು ತೋರಿಸಿಕೊಟ್ಟರು. ನಮ್ಮ ದೇಶದಲ್ಲಿ ಎಲುಬಿನ ಫ್ಲೋರೋಸಿಸ್ ರೋಗದ ಅಧ್ಯಯನಕ್ಕೆ ತಳಹದಿ ಬಿದ್ದದ್ದು ಹೀಗೆ. ಕುಡಿಯುವ ನೀರಿನ ಒಂದು ಲೀಟರಿನಲ್ಲಿ ಫ್ಲೋರೈಡ್ ೧.೫ ಮಿಲಿಗ್ರಾಮನ್ನು ಮೀರಬಾರದೆಂಬುದು ಈಗಿನ ಕಟ್ಟಳೆ. ನಮ್ಮ ಜಿಲ್ಲೆಯಲ್ಲಿ ಭದ್ರೆಯ ನೀರು ಹರಿಯುವ ಭಾಗಕ್ಕೆ ಈ ಚಿಂತೆ ಕಡಮೆ. ಜಗಳೂರು ತಾಲ್ಲೂಕಿನಂಥ ಒಣಸೀಮೆಯಲ್ಲಿ, ಕೊಳವೆಬಾವಿ ಆಳಕ್ಕೆ ಇಳಿದಲ್ಲೆಲ್ಲ, ಇದು ಬಹುಕಾಲದ ಸಂಕಟ. ಫ್ಲೋರೈಡಿನಿಂದ ಬಿಗಿದ ಬೆನ್ನಿಗೂ ವಾತದಿಂದ ಬಿಗಿದ ಬೆನ್ನಿಗೂ ಹೊರನೋಟದಲ್ಲಿ ಭೇದ ಕಾಣುವುದು ಕಷ್ಟ. ಇಬ್ಬರೂ ಬಗ್ಗಲಾರರು; ಇಬ್ಬರೂ ಹಿಂದಿರುಗಿ ನೋಡಬೇಕಾದರೆ ಇಡೀ ಮೈಯನ್ನೇ ತಿರುಗಿಸುವರು. ಈ ಸಂದೇಹವನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅದರ ವಿಚಾರ ಮತ್ತೆ ಬರುವುದು.

ಯೂರೋಪಿನಲ್ಲಿ ಈ ರೋಗದ ಮೊದಲ ಸ್ಪಷ್ಟವಾದ ವರ್ಣನೆ ಜೀವಂತ ರೋಗಿಯದಲ್ಲ, ಒಂದು ಅಸ್ಥಿಪಂಜರದ್ದು. ಬರ್ನಾರ್ಡ್ ಕಾನರ್ ಎಂಬ ಐರ್ಲೆಂಡಿನ ವೈದ್ಯನು ಫ್ರಾನ್ಸಿನಲ್ಲಿ ವ್ಯಾಸಂಗ ಮಾಡುತ್ತಿದ್ದಾಗ ಅಂಥ ಒಂದು ವಿಚಿತ್ರವಾದ ಎಲುಬುಗೂಡು ಅವನ ಕೈಗೆ ಬಂದಿತು. ಬೆನ್ನೆಲುಬಿನ ಮಣಿಗಳು, ಪಕ್ಕೆಲುಬುಗಳು, ಕೆಳಗೆ ತ್ರಿಕಾಸ್ಥಿಯವರೆಗಿನ ಎಲುಬುಗಳು, ಎಲ್ಲವೂ ನಡುವೆ ಸಂಧಿಯಾಗಲಿ ಮೃದ್ವಸ್ಥಿಯಾಗಲಿ ಇಲ್ಲದೆ ಒಂದೇ ಎಲುಬಾಗಿ ಬೆಸೆದುಕೊಂಡಿದ್ದುವು. ೧೬೯೫ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಇದರ ವೃತ್ತಾಂತವು ಅಚ್ಚಾಯಿತು. ಆ ಮನುಷ್ಯನು ಬದುಕಿದ್ದಾಗ ಹೇಗೆ ಉಸಿರೆಳೆದನೋ, ಹೇಗೆ ಮಲಗಿದನೋ ಯಾರೂ ಅರಿಯರು. ಪಕ್ಕೆಲುಬುಗಳು ಬೆನ್ನಿಗೆ ಬೆಸೆದ ಮೇಲೆ ಎದೆ ಹಿಗ್ಗುವುದಿಲ್ಲ, ಹೊಟ್ಟೆಯಿಂದಲೇ ಉಸಿರಾಡಬೇಕು.

ಅಲ್ಲಿಂದ ಇನ್ನೂರು ವರ್ಷ ಹೆಚ್ಚಿನ ಪ್ರಗತಿಯಿಲ್ಲ. ೧೮೯೩ರಲ್ಲಿ ರಷ್ಯದ ಬೆಖ್ಟೆರೆವ್, ೧೮೯೭ರಲ್ಲಿ ಜರ್ಮನಿಯ ಸ್ಟ್ರುಂಪೆಲ್, ೧೮೯೮ರಲ್ಲಿ ಫ್ರಾನ್ಸಿನ ಪಿಯೇರ್ ಮಾರೀ, ಒಬ್ಬರ ಹಿಂದೊಬ್ಬರಾಗಿ ರೋಗಿಗಳನ್ನು ವರ್ಣಿಸಿದರು. ಇದೇ ಕಾಲದಲ್ಲಿ, ೧೮೯೫ರಲ್ಲಿ, ರಾಂಟ್‌ಗನ್ ಎಕ್ಸ್‌ರೇ ಕಿರಣವನ್ನು ಕಂಡುಹಿಡಿದನು. ಜೀವಂತ ಮನುಷ್ಯನ ಬೆನ್ನೆಲುಬು ಗಂಟುಗಂಟಾಗಿ ಕೂಡಿ ಬಿದಿರುಗಳದಂತೆ ಆಗಿರುವುದನ್ನು ಕಣ್ಣಾರೆ ನೋಡುವುದಕ್ಕೆ ಆಗ ಸಾಧ್ಯವಾಯಿತು. ರೋಗಕ್ಕೆ ‘ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್’ ಎಂಬ ಹೆಸರು ನಿಂತಿತು: ಬೆನ್ನಿನ ಮಣಿಗಳ ಉರಿಯೂತವಾಗಿ ಅವು ಬೆಸೆದುಹೋಗುವ ವ್ಯಾಧಿ ಎಂದರ್ಥ. ಅಮೆರಿಕದ ವೈದ್ಯರು ಮಾತ್ರ ಬಹುಕಾಲ ಇದನ್ನು ಕೈಕಾಲಿನ ಗಿಣ್ಣುಗಳು ಊದುವ ಸಂಧಿವಾತದ ಒಂದು ಶಾಖೆಯೆಂದೇ ಹಟ ಹಿಡಿದಿದ್ದರು. ಆ ಸಂಧಿವಾತದ ರೋಗಿಗಳ ರಕ್ತದಲ್ಲಿ ಕಾಣುವ ಒಂದು ವಿಶೇಷ ಪ್ರತಿಕಾಯವನ್ನು ೧೯೪೦ರಲ್ಲಿ ವಾಲರ್, ೧೯೪೮ರಲ್ಲಿ ರೋಸ್ ಪತ್ತೆಮಾಡಿದರು. ಬೆನ್ನಿನ ರೋಗಿಗಳಲ್ಲಿ ಅದು ಸಾಮಾನ್ಯವಾಗಿ ಸಿಕ್ಕಲಿಲ್ಲ. ಕೊನೆಗೆ ೧೯೬೩ರಲ್ಲಿ ಅಮೆರಿಕದವರೂ ಒಪ್ಪಿಕೊಂಡರು.

ಎಕ್ಸ್‌ರೇಯೂ ಮೋಸಮಾಡದೆ ಬಿಡುವುದಿಲ್ಲ. ಈಜಿಪ್ಟಿನ ದೊರೆ ಎರಡನೆಯ ರಾಮ್ಸೆಸನ ಶವದ ಚಿತ್ರಗಳನ್ನು ನೋಡಿ ಅವನಿಗೆ ಇದೇ ರೋಗವಿತ್ತೆಂದು ಪಂಡಿತರು ಬರೆದರು. ೨೦೧೪ರಲ್ಲಿ ಹೊಸ ಬಗೆಯ ಸ್ಕ್ಯಾನಿನಿಂದ ನೋಡಿದಾಗ ಅದು ಮುಪ್ಪಿನಲ್ಲಿ ಬೆನ್ನಿನ ಕಟ್ಟುನಾರುಗಳು ಎಲುಬಾಗುವ ಬೇರೊಂದು ವ್ಯಾಧಿಯೆಂದು ತೋರಿತು. ರಾಜನ ಶವಕ್ಕೇ ಹೀಗಾದ ಮೇಲೆ ಜಗಳೂರಿನ ರೈತನ ಚಿತ್ರವನ್ನು ಓದುವಾಗ ಎಚ್ಚರ ಬೇಡವೆ?

ಇನ್ನು ಕುರುಹಿನ ಕಥೆ. ವಿಚಿತ್ರವೇನೆಂದರೆ ಅದನ್ನು ಹುಡುಕಿದವರಲ್ಲಿ ಮೊದಲಿನವರು ಬೆನ್ನುನೋವಿನ ವೈದ್ಯರೇ ಅಲ್ಲ. ಒಬ್ಬರ ಅಂಗವನ್ನು ಇನ್ನೊಬ್ಬರ ಮೈಗೆ ಕಸಿ ಮಾಡಿದರೆ ಆ ಮೈ ಅದನ್ನು ಏಕೆ ಹೊರಗಟ್ಟುತ್ತದೆ ಎಂಬ ಪ್ರಶ್ನೆಯ ಬೆನ್ನುಹತ್ತಿದವರು ಅವರು. ೧೯೫೮ರಲ್ಲಿ ಪ್ಯಾರಿಸ್ಸಿನ ಝಾನ್ ದೋಸೆ, ಹಲವು ಸಲ ರಕ್ತ ಪಡೆದ ರೋಗಿಗಳ ರಕ್ತಸಾರದಲ್ಲಿ ಬೇರೆಯವರ ಬಿಳಿಯ ರಕ್ತಕಣಗಳನ್ನು ಗುರುತಿಸಿ ಎದುರಿಸುವ ಪ್ರತಿಕಾಯಗಳಿರುವುದನ್ನು ಕಂಡನು. ಅದೇ ವರ್ಷ ಹಾಲೆಂಡಿನ ಫಾನ್ ರೂಡ್, ಅಮೆರಿಕದ ರೋಸ್ ಪೇಯ್ನ್ ಎಂಬ ವಿದುಷಿ, ಇವರು ಹಲವು ಮಕ್ಕಳನ್ನು ಹೆತ್ತ ತಾಯಂದಿರ ರಕ್ತದಲ್ಲಿಯೂ ಅಂಥ ಪ್ರತಿಕಾಯಗಳನ್ನು ಕಂಡರು. ಮಗುವಿನ ಮೈಯಲ್ಲಿ ಅರ್ಧ ತಂದೆಯದಷ್ಟೆ. ಆ ತಂದೆಯ ಪಾಲನ್ನು ತಾಯಿಯ ರಕ್ತವು ಪರಕೀಯವೆಂದು ಗುರುತಿಸಿಟ್ಟುಕೊಂಡಿರುತ್ತದೆ. ಬಾಣಂತಿಯರ ರಕ್ತವೇ ಹೀಗೆ ಈ ಶಾಸ್ತ್ರದ ಮೊದಲ ಒರೆಗಲ್ಲಾಯಿತು. ದೋಸೆಗೆ ೧೯೮೦ರಲ್ಲಿ ನೊಬೆಲ್ ಬಹುಮಾನ ಸಂದಿತು.

ಬಿಳಿಯ ಕಣಗಳ ಮೇಲಿನ ಈ ಗುರುತುಗಳಿಗೆ ಎಚ್.ಎಲ್.ಎ. ಎಂದು ಹೆಸರಿಟ್ಟು, ಸಿಕ್ಕಿದಂತೆಲ್ಲ ಅಂಕಿ ಹಾಕುತ್ತ ಹೋದರು. ೧೯೬೪ರಲ್ಲಿ ಕ್ಯಾಲಿಫೋರ್ನಿಯದ ಪಾಲ್ ತೆರಾಸಾಕಿ ಒಂದೆರಡು ಹನಿಗಳಲ್ಲಿಯೇ ಮುಗಿಯುವ ಪರೀಕ್ಷೆಯನ್ನು ಕಲ್ಪಿಸಿದನು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜಪಾನೀ ವಂಶದವರೆಂಬ ಒಂದೇ ಕಾರಣಕ್ಕೆ ಅಮೆರಿಕ ಸರಕಾರವು ಮುಳ್ಳುತಂತಿಯ ಶಿಬಿರಗಳಿಗೆ ಅಟ್ಟಿದ ಕುಟುಂಬಗಳಲ್ಲಿ ಅವನದೂ ಒಂದು. ಹುಟ್ಟಿನ ಗುರುತಿನಿಂದ ಮನುಷ್ಯನನ್ನು ಅಳೆದರೆ ಏನಾಗುವುದೆಂಬುದನ್ನು ಅವನು ಹುಡುಗನಾಗಿದ್ದಾಗಲೇ ಉಂಡಿದ್ದನು. ಆ ಪರೀಕ್ಷೆ ಬಂದ ಮೇಲೆ ನೂರಾರು ಜನರ ಗುರುತುಗಳನ್ನು ಸುಲಭವಾಗಿ ನೋಡುವಂತಾಯಿತು. ಹಾಗಾದರೆ ಯಾವುದಾದರೊಂದು ರೋಗದವರಲ್ಲಿ ಯಾವುದಾದರೊಂದು ಗುರುತು ಹೆಚ್ಚಾಗಿದೆಯೆ ಎಂದು ನೋಡುವ ಆಸೆ ಹಲವರಿಗೆ ಹುಟ್ಟಿತು. ಹೆಚ್ಚಿನ ರೋಗಗಳಲ್ಲಿ ಅಲ್ಪಸ್ವಲ್ಪ ವ್ಯತ್ಯಾಸ ಮಾತ್ರ ದೊರೆಯಿತು.

೧೯೭೩ರ ಏಪ್ರಿಲ್ ತಿಂಗಳಲ್ಲಿ ಎರಡು ಕಡೆಯಿಂದ ಒಂದೇ ಸುದ್ದಿ ಬಂದಿತು. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಆಸ್ಪತ್ರೆಯ ಬ್ರೂವರ್ಟನ್ ಮತ್ತು ಸಂಗಡಿಗರು ೭೫ ಮಂದಿ ರೋಗಿಗಳನ್ನು ಪರೀಕ್ಷಿಸಿದ್ದರು. ಅವರಲ್ಲಿ ೭೨ ಮಂದಿಗೆ ೨೭ ಎಂಬ ಅಂಕಿಯ ಗುರುತು ಇದ್ದಿತು. ರೋಗವಿಲ್ಲದ ೭೫ ಮಂದಿಯಲ್ಲಿ ಅದು ಇದ್ದದ್ದು ಮೂವರಿಗೆ ಮಾತ್ರ. ರೋಗಿಗಳ ಒಡಹುಟ್ಟಿದವರು, ತಂದೆತಾಯಿ, ಮಕ್ಕಳು ಎಂದು ೬೦ ಮಂದಿಯನ್ನು ನೋಡಲಾಗಿ ೩೧ ಮಂದಿಯಲ್ಲಿ, ಅಂದರೆ ಹೆಚ್ಚುಕಡಮೆ ಅರ್ಧಕ್ಕೆ, ಗುರುತು ಕಾಣಿಸಿತು. ಅತ್ತ ಕ್ಯಾಲಿಫೋರ್ನಿಯದಲ್ಲಿ ಷ್ಲಾಸ್ಟೈನ್, ತೆರಾಸಾಕಿ, ಬ್ಲೂಸ್ಟೋನ್, ಪಿಯರ್ಸನ್ ಎಂಬವರು ೪೦ ಮಂದಿ ರೋಗಿಗಳಲ್ಲಿ ಶೇಕಡ ೮೮ರಷ್ಟು ಜನರಲ್ಲಿ ಅದನ್ನು ಕಂಡರು. ಅಲ್ಲಿಯ ಸಾಮಾನ್ಯರಲ್ಲಿ ಅದು ಶೇಕಡ ೮. ಒಂದೇ ಒಂದು ಆನುವಂಶಿಕ ಗುರುತಿಗೂ ಒಂದು ಸಾಮಾನ್ಯ ರೋಗಕ್ಕೂ ಇಷ್ಟು ಬಲವಾದ ನಂಟನ್ನು ಅದುವರೆಗೆ ಯಾರೂ ಕಂಡಿರಲಿಲ್ಲ. ಅದೇ ವರ್ಷ ಬ್ರೂವರ್ಟನ್ನರ ಗುಂಪು ಇನ್ನೆರಡು ರೋಗಗಳಲ್ಲಿ ಈ ಗುರುತನ್ನು ತೋರಿಸಿತು. ಇದ್ದಕ್ಕಿದ್ದಂತೆ ಒಂದು ಕಣ್ಣು ಕೆಂಪಾಗಿ, ನೊಂದು, ಬೆಳಕನ್ನು ತಾಳದಾಗುವ ಪಾಪೆಯ ಉರಿಯೂತ ಒಂದು. ಭೇದಿಯ ತರುವಾಯ ಕೀಲುಗಳು ಊದುವ ವಾತ ಇನ್ನೊಂದು. ಕಣ್ಣಿನ ವೈದ್ಯನಿಗೂ ಬೆನ್ನಿನ ವೈದ್ಯನಿಗೂ ಆ ದಿನದಿಂದ ಪರಸ್ಪರ ಮಾತಾಡುವ ಕಾರಣ ಹುಟ್ಟಿತು.

ಹೊಸ ಸಂಗತಿ ಸಿಕ್ಕಿದಾಗ ಅದಕ್ಕೆ ಸಲ್ಲಬೇಕಾದುದಕ್ಕಿಂತ ಹೆಚ್ಚು ಅರ್ಥವನ್ನು ಹೊರಿಸುವುದು ಮನುಷ್ಯಸ್ವಭಾವ. ಈ ಗುರುತಿನ ಪಾಡೂ ಹಾಗೆಯೇ ಆಯಿತು. ೧೯೭೫ರಲ್ಲಿ ಅಮೆರಿಕದ ಕೇಲಿನ್ ಮತ್ತು ಫ್ರೈಸ್ ಎಂಬವರು ರಕ್ತದಾನಿಗಳನ್ನು ಪರೀಕ್ಷಿಸಿ, ಗುರುತುಳ್ಳ ಆರೋಗ್ಯವಂತರಲ್ಲಿಯೂ ಐವರಲ್ಲಿ ಒಬ್ಬರಿಗೆ ರೋಗ ಹುದುಗಿದೆಯೆಂದರು. ಇದನ್ನು ಓದಿದವರಿಗೆ ಗುರುತೆಂದರೆ ರೋಗದ ಹಸ್ತಾಕ್ಷರವೇ ಎನಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ೧೯೮೪ರಲ್ಲಿ ಹಾಲೆಂಡಿನ ಫಾನ್ ಡೆರ್ ಲಿಂಡೆನ್ ಮತ್ತು ಸಂಗಡಿಗರು ಲೆಕ್ಕವನ್ನು ಬೇರೆಯಾಗಿ ಹಾಕಿದರು. ಸಾಮಾನ್ಯ ಜನರಲ್ಲಿ ಗುರುತುಳ್ಳವರನ್ನು ನೋಡಿದರೆ ರೋಗವಿದ್ದವರು ನೂರಕ್ಕೆ ಒಬ್ಬರೋ ಇಬ್ಬರೋ. ರೋಗಿಗಳ ಹತ್ತಿರದ ಬಂಧುಗಳಲ್ಲಿ ಗುರುತುಳ್ಳವರನ್ನು ನೋಡಿದರೆ ನೂರಕ್ಕೆ ಇಪ್ಪತ್ತು. ಒಂದೇ ಗುರುತು, ಮನೆ ಬೇರೆಯಾದರೆ ಬೆಲೆ ಬೇರೆ. ರೋಗಿಯ ಮನೆಯಲ್ಲಿ ಇನ್ನೂ ಬೇರೆ ವಂಶವಾಹಿಗಳು ಜತೆಗೂಡಿ ಕೆಲಸ ಮಾಡುತ್ತಿವೆಯೆಂಬುದಕ್ಕೆ ಇದು ಮೊದಲ ಸೂಚನೆಯಾಗಿತ್ತು.

ಲೆಕ್ಕವನ್ನು ನಮ್ಮ ಊರಿಗೆ ಒಗ್ಗಿಸಿ ನೋಡೋಣ. ಭಾರತೀಯರಲ್ಲಿ ಈ ಗುರುತು ಸಾಮಾನ್ಯವಾಗಿ ನೂರರಲ್ಲಿ ಕೆಲವರಿಗೆ ಮಾತ್ರ. ಲೆಕ್ಕಕ್ಕಾಗಿ ನಾಲ್ವರೆಂದೇ ಭಾವಿಸೋಣ. ಒಂದು ಲಕ್ಷ ಜನರ ಬಡಾವಣೆಗಳಲ್ಲಿ ಗುರುತುಳ್ಳವರು ೪,೦೦೦ ಮಂದಿ. ಅವರಲ್ಲಿ ನೂರಕ್ಕೆ ಇಬ್ಬರಿಗೆ ರೋಗವೆಂದು ಹಿಡಿದರೆ ೮೦ ಮಂದಿ. ಉಳಿದ ೩,೯೨೦ ಮಂದಿ ಗುರುತನ್ನು ಹೊತ್ತು, ಅದರ ಸುಳಿವೂ ಇಲ್ಲದೆ, ಬೆನ್ನು ನೆಟ್ಟಗಿಟ್ಟುಕೊಂಡೇ ಬಾಳಿ ಹೋಗುವರು. ಇತ್ತ ರೋಗಿಗಳಲ್ಲಿ ಹತ್ತಕ್ಕೆ ಒಬ್ಬರಿಗಾದರೂ ಗುರುತೇ ಇರುವುದಿಲ್ಲವಾದ್ದರಿಂದ ಆ ೮೦ರ ಮೇಲೆ ಇನ್ನು ಎಂಟೊಂಬತ್ತು ಮಂದಿ ಉಂಟು. ಅವರ ಪರೀಕ್ಷೆಯ ಕಾಗದದಲ್ಲಿ ‘ಇಲ್ಲ’ ಎಂದು ಬಂದ ಮಾತ್ರಕ್ಕೆ ಅವರ ನೋವು ಇಲ್ಲವಾಗುವುದಿಲ್ಲ. ಇದು ಕಲ್ಪಿಸಿಕೊಂಡ ಲೆಕ್ಕವೇ ಸರಿ. ಆದರೂ ಗುರುತಿಗೂ ರೋಗಕ್ಕೂ ನಡುವಿನ ಅಂತರವನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ದಾರಿ ನಮಗೆ ಹೊಳೆಯಲಿಲ್ಲ.

ಗುರುತುಳ್ಳವರಲ್ಲಿ ಕೆಲವರನ್ನು ಮಾತ್ರ ರೋಗಕ್ಕೆ ದೂಡುವುದು ಯಾವುದು? ಇಲ್ಲಿ ಎರಡು ಹಳೆಯ ಭೇದಿಯ ಪ್ರಕರಣಗಳನ್ನು ಹೇಳಬೇಕು. ೧೯೪೪ರಲ್ಲಿ ಯುದ್ಧಭೂಮಿಯಲ್ಲಿದ್ದ ಫಿನ್ಲೆಂಡಿನ ಸೈನ್ಯದಲ್ಲಿ ಆಮಶಂಕೆ ಹಬ್ಬಿ ಸುಮಾರು ಒಂದೂವರೆ ಲಕ್ಷ ಮಂದಿ ಮಲಗಿದರು. ಅವರಲ್ಲಿ ೩೪೪ ಮಂದಿಗೆ ಕೀಲು, ಕಣ್ಣು, ಮೂತ್ರನಾಳ ಮೂರೂ ಉರಿಯುವ ವಾತ ಬಂದುದನ್ನು ಪಾರೋನೆನ್ ಎಂಬ ವೈದ್ಯನು ೧೯೪೮ರಲ್ಲಿ ಬರೆದಿಟ್ಟನು. ೧೯೬೨ರಲ್ಲಿ ಅಮೆರಿಕದ ಒಂದು ಯುದ್ಧನೌಕೆಯಲ್ಲಿ, ಊಟದ ಮೂಲಕ, ೬೦೨ ನಾವಿಕರಿಗೆ ಅದೇ ಭೇದಿ ತಗಲಿತು. ಒಂಬತ್ತು ಮಂದಿಗೆ ವಾತ ಹಿಡಿಯಿತು. ಆಗ ಬಿ-೨೭ ಯಾರಿಗೂ ತಿಳಿಯದು. ಹದಿನಾಲ್ಕು ವರ್ಷದ ಮೇಲೆ, ೧೯೭೬ರಲ್ಲಿ, ಆ ಒಂಬತ್ತು ಮಂದಿಯಲ್ಲಿ ಐವರನ್ನು ಹುಡುಕಿ ತೆಗೆದು ರಕ್ತವನ್ನು ನೋಡಿದರು. ನಾಲ್ವರಿಗೆ ಗುರುತು ಇದ್ದಿತು. ಒಂದೇ ಹಡಗು, ಒಂದೇ ಅಡಿಗೆಮನೆ, ಒಂದೇ ಕ್ರಿಮಿ. ಐದುನೂರ ತೊಂಬತ್ತಮೂರು ಮಂದಿ ಭೇದಿ ನಿಂತ ಮೇಲೆ ಕೆಲಸಕ್ಕೆ ಹೋದರು, ಒಂಬತ್ತು ಮಂದಿ ಮಾತ್ರ ಕುಂಟಿದರು. ಕರುಳಿಗೂ ಕೀಲಿಗೂ ನಡುವೆ ಒಂದು ದಾರಿಯಿದೆಯೆಂದೂ ಆ ದಾರಿಯ ಬಾಗಿಲಲ್ಲಿ ಈ ಗುರುತು ಕುಳಿತಿದೆಯೆಂದೂ ಇದರಿಂದ ಊಹೆ ಹುಟ್ಟಿತು.

ಆ ಊಹೆಯನ್ನು ಇಲಿಗಳ ಮೇಲೆ ಒರೆಗೆ ಹಚ್ಚಿದರು. ೧೯೯೦ರಲ್ಲಿ ಟೆಕ್ಸಾಸಿನ ಹ್ಯಾಮರ್, ಟಾರೋಗ್ ಮೊದಲಾದವರು ಮನುಷ್ಯನ ಬಿ-೨೭ ವಂಶವಾಹಿಯನ್ನು ಇಲಿಗಳಲ್ಲಿ ಸೇರಿಸಿದರು. ಆ ಇಲಿಗಳಿಗೆ ಕರುಳು, ಕೀಲು, ಬೆನ್ನು, ಚರ್ಮ ಎಲ್ಲವೂ ಊದಿಕೊಂಡುವು. ಗುರುತು ಬರಿಯ ಸಾಕ್ಷಿಯಲ್ಲ, ಕೃತ್ಯದಲ್ಲಿಯೂ ಅದಕ್ಕೆ ಪಾಲಿದೆ ಎಂದು ತೋರಿದ್ದು ಆಗ. ಆದರೆ ೧೯೯೪ರಲ್ಲಿ ಅದೇ ಬಗೆಯ ಇಲಿಗಳನ್ನು ಒಂದು ಕ್ರಿಮಿಯೂ ಸೋಕದ ಗೂಡಿನಲ್ಲಿ ಸಾಕಿದಾಗ ಕರುಳೂ ಊದಲಿಲ್ಲ, ಕೀಲೂ ಊದಲಿಲ್ಲ. ವಂಶವಾಹಿ ಒಂದೇ ಇದ್ದರೆ ಸಾಲದು.

ಬಿ-೨೭ ಮೈಯೊಳಗೆ ಮಾಡುವ ಕೆಲಸವನ್ನು ದಾವಣಗೆರೆಯವರಿಗೆ ವಿವರಿಸುವುದು ಕಷ್ಟವಲ್ಲ. ನಮ್ಮ ಪೇಟೆಯಲ್ಲಿ ಚೀಲವನ್ನು ಬಿಚ್ಚಿ ಸುರಿಯದೆ, ಒಳಗಿನ ಮಾಲನ್ನು ಒಂದು ಹಿಡಿ ತೆಗೆದು ನಮೂನೆಯಾಗಿ ತಟ್ಟೆಯಲ್ಲಿಟ್ಟು ತೋರಿಸುವರಷ್ಟೆ. ನಮ್ಮ ದೇಹದ ಕಣಗಳೂ ಹಾಗೆಯೇ ಮಾಡುತ್ತವೆ. ಒಳಗೆ ತಯಾರಾದ ಪ್ರೋಟೀನುಗಳನ್ನು ತುಂಡುಮಾಡಿ, ಸಾಮಾನ್ಯವಾಗಿ ಒಂಬತ್ತು ಕೊಂಡಿಗಳ ಒಂದೊಂದು ತುಂಡನ್ನು ಒಂದು ತಟ್ಟೆಯ ಮೇಲಿಟ್ಟು ಹೊರಗೆ ಒಡ್ಡುತ್ತವೆ. ಕಾವಲಿನ ಬಿಳಿಯ ಕಣಗಳು ಬಂದು ನಮೂನೆಯನ್ನು ನೋಡಿ, ಒಳಗೆ ಪರಕೀಯ ಕ್ರಿಮಿಯಿದೆಯೆಂದು ತೋರಿದರೆ ಆ ಕಣವನ್ನೇ ಕೊಂದುಬಿಡುತ್ತವೆ. ಎಚ್.ಎಲ್.ಎ. ಎಂಬುದು ಈ ತಟ್ಟೆ. ತಾಯಿಯಿಂದ ಒಂದು ಬಗೆಯದು, ತಂದೆಯಿಂದ ಒಂದು ಬಗೆಯದು ಬರುತ್ತವೆ. ಎರಡೂ ಒಟ್ಟಿಗೆ ಹೊರಗೆ ಕಾಣುತ್ತವೆ. ಹರಿಹರೇಶ್ವರನ ಮೂರ್ತಿಯಲ್ಲಿ ಒಂದು ಪಾರ್ಶ್ವಕ್ಕೆ ಹರನೂ ಇನ್ನೊಂದು ಪಾರ್ಶ್ವಕ್ಕೆ ಹರಿಯೂ ಯಾರೊಬ್ಬರೂ ಮರೆಯಾಗದೆ ತೋರುವಂತೆ ಎಂದರೆ ನಮ್ಮ ಕಡೆಯವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಬಿ-೨೭ರ ತಟ್ಟೆಯ ಆಕಾರವನ್ನು ೧೯೯೧ರಲ್ಲಿ ಸ್ಫಟಿಕಗಳ ಮೂಲಕ ಕಂಡುಕೊಂಡರು. ಅದು ಎರಡನೆಯ ಕೊಂಡಿ ಅರ್ಜಿನಿನ್ ಎಂಬ ವಸ್ತುವಾಗಿರುವ ತುಂಡುಗಳನ್ನೇ ಆರಿಸಿ ಹಿಡಿಯುತ್ತದೆ.

ಈ ತಟ್ಟೆಯು ರೋಗಕ್ಕೆ ಹೇಗೆ ಕಾರಣವಾಗುವುದೆಂಬುದರಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವುಂಟು. ಕರುಳಿನ ಕ್ರಿಮಿಯ ತುಂಡೂ ನಮ್ಮದೇ ಕೀಲಿನ ತುಂಡೂ ಒಂದೇ ತೆರನಾಗಿ ಕಂಡು ಕಾವಲುಗಾರನು ಮನೆಯವನನ್ನೇ ಕಳ್ಳನೆಂದು ಹೊಡೆಯುತ್ತಾನೆಂಬುದು ಒಂದು ಪಕ್ಷ. ತಟ್ಟೆ ತಯಾರಾಗುವಾಗ ಸರಿಯಾಗಿ ಮಡಚಿಕೊಳ್ಳದೆ ಕಣದೊಳಗೇ ತಡೆದು ಗೊಂದಲವೆಬ್ಬಿಸುತ್ತದೆಂಬುದು ಎರಡನೆಯದು. ಎರಡೆರಡು ಬಿಡಿ ತಟ್ಟೆಗಳು ಅಂಟಿಕೊಂಡು ಬೇರೆ ಬಗೆಯ ಕಾವಲುಗಾರರನ್ನು ಕೆರಳಿಸುತ್ತವೆಂಬುದು ಮೂರನೆಯದು. ೨೦೦೭ರಲ್ಲಿ ತುಂಡುಗಳನ್ನು ಅಳತೆಗೆ ಕತ್ತರಿಸುವ ಇ.ಆರ್.ಎ.ಪಿ.-೧ ಎಂಬ ಇನ್ನೊಂದು ವಂಶವಾಹಿಗೂ ಈ ರೋಗಕ್ಕೂ ಸಂಬಂಧ ಕಂಡಿತು. ೨೦೧೧ರಲ್ಲಿ ಆ ಸಂಬಂಧ ಬಿ-೨೭ ಉಳ್ಳವರಲ್ಲಿ ಮಾತ್ರ ನಿಜವೆಂದು ಗೊತ್ತಾಯಿತು. ತಟ್ಟೆಗೂ ಕತ್ತರಿಗೂ ಹೊಂದಿಕೆಯ ಪ್ರಶ್ನೆ ಎಂದಂತಾಯಿತು. ೨೦೨೨ರ ಕೊನೆಯಲ್ಲಿ ಅಮೆರಿಕ ಮತ್ತು ಇಂಗ್ಲೆಂಡಿನ ಸಂಶೋಧಕರು ರೋಗಿಗಳ ಕೀಲಿನಿಂದಲೂ ಕಣ್ಣಿನಿಂದಲೂ ತೆಗೆದ ಕಾವಲುಕಣಗಳು ಬಿ-೨೭ರ ತಟ್ಟೆಯಲ್ಲಿ ಕ್ರಿಮಿಯ ತುಂಡನ್ನೂ ಮನುಷ್ಯನ ತುಂಡನ್ನೂ ಎರಡನ್ನೂ ಹಿಡಿಯುವುವೆಂದು ಪ್ರಕಟಿಸಿದರು. ಮೊದಲನೆಯ ಪಕ್ಷಕ್ಕೆ ಇದರಿಂದ ಬಲ ಬಂದಿದೆ. ಆದರೆ ವ್ಯಾಜ್ಯ ಇತ್ಯರ್ಥವಾಯಿತೆನ್ನಲಾಗದು.

ಇದೇ ತಟ್ಟೆ ಉಪಕಾರವನ್ನೂ ಮಾಡುತ್ತದೆ. ಎಚ್.ಐ.ವಿ. ಸೋಂಕು ತಗಲಿದವರಲ್ಲಿ ಬಿ-೨೭ ಉಳ್ಳವರಿಗೆ ರೋಗ ನಿಧಾನವಾಗಿ ಬೆಳೆಯುವುದೆಂದು ತಿಳಿದುಬಂದಿದೆ. ಜನಜನಾಂಗಗಳಲ್ಲಿ ಇದರ ಹಂಚಿಕೆಯೂ ಒಂದೇ ಸಮನಾಗಿಲ್ಲ. ಕೆನಡದ ಪಶ್ಚಿಮ ತೀರದ ಹೈಡಾ ಜನರಲ್ಲಿ ಅರ್ಧದಷ್ಟು ಮಂದಿಗೆ ಗುರುತು ಇದೆ. ಜಪಾನಿನವರಲ್ಲಿ ನೂರಕ್ಕೆ ಒಬ್ಬರೂ ಇಲ್ಲ. ಗುರುತಿನಲ್ಲಿಯೇ ಒಳಭೇದಗಳೂ ಉಂಟು: ಆಗ್ನೇಯ ಏಷ್ಯದ ೦೬, ಸಾರ್ಡೀನಿಯ ದ್ವೀಪದ ೦೯ ಎಂಬ ಬಗೆಗಳಿಗೂ ರೋಗಕ್ಕೂ ನಂಟಿಲ್ಲವೆಂದೇ ಹೇಳಬೇಕು.

ಈಗ ನಮ್ಮ ಊರಿಗೆ ಹಿಂದಿರುಗೋಣ. ದಾವಣಗೆರೆಯಲ್ಲಿ ೧೯೬೫ರಲ್ಲಿ ಜ.ಜ.ಮು. ವೈದ್ಯಕೀಯ ಕಾಲೇಜು ಆರಂಭವಾಯಿತು. ೧೯೯೭ರಲ್ಲಿ ದಾವಣಗೆರೆ ಬೇರೆ ಜಿಲ್ಲೆಯಾಯಿತು. ೨೦೦೬ರಲ್ಲಿ ಎರಡನೆಯ ವೈದ್ಯಕೀಯ ಕಾಲೇಜೂ ಬಂದಿತು. ಚಿಗಟೇರಿ ಆಸ್ಪತ್ರೆಗೂ ಬಾಪೂಜಿ ಆಸ್ಪತ್ರೆಗೂ ಜಗಳೂರಿನ ಒಣನೆಲದಿಂದಲೂ, ಹರಿಹರದಿಂದಲೂ, ತುಂಗಭದ್ರೆಯ ಆಚೆಯ ರಾಣೆಬೆನ್ನೂರಿನ ಕಡೆಯಿಂದಲೂ ರೋಗಿಗಳು ಬರುವರು. ಆ ಸಾಲಿನಲ್ಲಿ ಬೆನ್ನು ಬಿಗಿದವನೊಬ್ಬನು ನಿಂತಿದ್ದರೆ ಮೊದಲು ಹೇಳಿದ ಮೂರು ಉತ್ತರಗಳೂ ನಾಲ್ಕನೆಯದೂ ಒಟ್ಟಿಗೆ ಅವನ ಮುಂದೆ ನಿಲ್ಲುತ್ತವೆ. ದುಡಿಮೆಯ ನೋವು ವಿಶ್ರಾಂತಿಯಿಂದ ಇಳಿಯುವುದು, ದುಡಿದರೆ ಏರುವುದು. ಉರಿಯೂತದ ನೋವು ಇದಕ್ಕೆ ತಿರುಗುಮುರುಗು: ರಾತ್ರಿಯ ಎರಡನೆಯ ಅರ್ಧದಲ್ಲಿ ಎಬ್ಬಿಸುವುದು, ಬೆಳಿಗ್ಗೆ ಅರ್ಧ ಗಂಟೆಗೂ ಮೇಲೆ ಬಿಗಿದಿರುವುದು, ಓಡಾಡಿದರೆ ಸಡಿಲವಾಗುವುದು. ನಲವತ್ತರ ಒಳಗೆ ಮೆಲ್ಲನೆ ಆರಂಭವಾಗುವುದೂ ಅದರ ಲಕ್ಷಣವೇ. ಫ್ಲೋರೈಡಿನದಾದರೆ ಎಕ್ಸ್‌ರೇಯಲ್ಲಿ ಎಲುಬುಗಳು ಸುಣ್ಣ ಬಳಿದಂತೆ ಬೆಳ್ಳಗೆ ದಟ್ಟವಾಗಿ ತೋರುವುವು. ಮುಂಗೈಯ ಎರಡು ಎಲುಬುಗಳ ನಡುವಿನ ಪೊರೆಯೂ ಎಲುಬಾಗಿರುವುದುಂಟು. ಬಾಲ್ಯದಿಂದ ಆ ನೀರನ್ನು ಕುಡಿದವನಾದರೆ ಹಲ್ಲಿನ ಕಲೆಯೂ ಸಾಕ್ಷಿ ಹೇಳುವುದು. ನೆರೆಮನೆಯವರಿಗೂ ಅದೇ ತೊಂದರೆಯಿರುವುದು. ವಾತದಲ್ಲಿ ಸೊಂಟದ ಸಂಧಿ ಮೊದಲು ಕೊರೆದುಹೋಗುವುದು. ಆದರೆ ಆ ಕೊರೆತ ಎಕ್ಸ್‌ರೇಯಲ್ಲಿ ಕಾಣುವಷ್ಟಾಗಬೇಕಾದರೆ ವರ್ಷಗಳು ಹಿಡಿಯುವುವು. ೧೯೮೪ರ ಲಕ್ಷಣಪಟ್ಟಿಯಂತೆ ಅದು ಕಂಡ ಮೇಲೆಯೇ ರೋಗವೆಂದು ಒಪ್ಪುತ್ತಿದ್ದರು. ೨೦೦೯ರ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಬಿ-೨೭ಕ್ಕೆ ಸ್ಥಾನ ದೊರೆತದ್ದು ಈ ವಿಳಂಬವನ್ನು ತಪ್ಪಿಸುವುದಕ್ಕಾಗಿಯೇ: ಮೂರು ತಿಂಗಳಿಗೂ ಮೇಲ್ಪಟ್ಟ ಬೆನ್ನುನೋವು, ನಲವತ್ತೈದರ ಒಳಗಿನ ಆರಂಭ, ಈ ಗುರುತು, ಅದರೊಂದಿಗೆ ಇನ್ನೆರಡು ಲಕ್ಷಣಗಳು ಸೇರಿದರೆ ಸಾಕು. ಜಗಳೂರಿನವನಲ್ಲಿ ಗುರುತು ಕಂಡಿತೆಂದು ನೀರನ್ನು ಮರೆಯಲೂ ಕೂಡದು. ಎರಡೂ ಒಬ್ಬನಲ್ಲಿಯೇ ಇರಬಾರದೆಂಬ ನಿಯಮವೇನೂ ಇಲ್ಲ.

ಬೇಗ ತಿಳಿಯುವುದರಿಂದ ಏನು ಲಾಭವೆಂದು ಹಿಂದಿನವರು ಕೇಳಿದ್ದರೆ ಉತ್ತರ ಕೊಡುವುದು ಕಷ್ಟವಾಗುತ್ತಿತ್ತು. ಕಳೆದ ಶತಮಾನದ ಮಧ್ಯಭಾಗದವರೆಗೆ ಇಂಗ್ಲೆಂಡಿನಲ್ಲಿ ಬೆನ್ನಿಗೆ ಎಕ್ಸ್‌ರೇ ಕಿರಣಗಳನ್ನು ಹಾಯಿಸುವುದೇ ಚಿಕಿತ್ಸೆಯಾಗಿತ್ತು, ನೋವೂ ಇಳಿಯುತ್ತಿತ್ತು. ೧೯೫೭ರಲ್ಲಿ ಕೋರ್ಟ್ ಬ್ರೌನ್ ಮತ್ತು ಡಾಲ್ ಎಂಬವರು ಹಾಗೆ ಚಿಕಿತ್ಸೆ ಪಡೆದ ೧೩,೦೦೦ಕ್ಕೂ ಹೆಚ್ಚು ರೋಗಿಗಳ ಲೆಕ್ಕ ತೆಗೆದು, ಅವರಲ್ಲಿ ರಕ್ತದ ಕ್ಯಾನ್ಸರು ಹೆಚ್ಚಿರುವುದನ್ನು ತೋರಿಸಿದರು. ಈಗ ದಿನವೂ ತಪ್ಪದ ವ್ಯಾಯಾಮ, ಉರಿಯೂತವನ್ನು ತಗ್ಗಿಸುವ ಮಾತ್ರೆಗಳು, ಅವು ಸಾಲದವರಿಗೆ ೨೦೦೨ರ ಪ್ರಯೋಗಗಳಲ್ಲಿ ಗುಣ ತೋರಿದ ಇನ್‌ಫ್ಲಿಕ್ಸಿಮಾಬ್, ಎಟನರ್ಸೆಪ್ಟ್ ಎಂಬ ಚುಚ್ಚುಮದ್ದುಗಳು ಇವೆ. ಬೆಸೆದುಹೋದ ಎಲುಬನ್ನು ಇವು ಬಿಡಿಸಲಾರವು.

ಹೆಂಗಸರ ವಿಷಯದಲ್ಲಿ ಈ ಚರಿತ್ರೆಗೆ ಒಂದು ಉಪಕಾರ ಸ್ಮರಣೆ ಸಲ್ಲಬೇಕು. ಹಿಂದಿನ ಗ್ರಂಥಗಳಲ್ಲಿ ಇದು ಹತ್ತು ಗಂಡಸರಿಗೆ ಒಬ್ಬ ಹೆಂಗಸಿಗೆ ಬರುವ ರೋಗವೆಂದು ಬರೆದಿತ್ತು. ಗುರುತು ಗಂಡುಹೆಣ್ಣುಗಳಲ್ಲಿ ಸಮನಾಗಿರುವುದನ್ನು ಕಂಡ ಮೇಲೆ ಪಂಡಿತರು ಹೆಂಗಸರನ್ನು ಮತ್ತೆ ಪರೀಕ್ಷಿಸಿದರು. ಈಗ ಎರಡು ಮೂರು ಗಂಡಸರಿಗೆ ಒಬ್ಬ ಹೆಂಗಸೆಂದು ಹೇಳುವರು. ಹೆಂಗಸರ ಬೆನ್ನು ಅಷ್ಟು ಬೇಗ ಬಿದಿರಾಗುವುದಿಲ್ಲವಾದ್ದರಿಂದ ಅವರ ನೋವು ಎಕ್ಸ್‌ರೇಗೆ ಸಿಕ್ಕದೆ, ಹೆರಿಗೆಯ ಸೊಂಟನೋವೆಂದೋ ಮನೆಗೆಲಸದ ದಣಿವೆಂದೋ ತಳ್ಳಿಹೋಗುತ್ತಿತ್ತು. ನಮ್ಮ ಮನೆಗಳಲ್ಲಿ ಈಗಲೂ ಹಾಗೆ ತಳ್ಳುವವರು ಕಡಮೆಯಿಲ್ಲ.

ಅದೇ ಗುರುತನ್ನು ಮದುವೆಯ ಮಾತುಕತೆಗೆ ತರುವುದು ಮಾತ್ರ ಯಾವ ಶಾಸ್ತ್ರಕ್ಕೂ ಒಪ್ಪದ ಕೆಲಸ. ಅಣ್ಣನಿಗೆ ಬೆನ್ನುವಾತ, ತಂಗಿಯ ರಕ್ತದಲ್ಲಿ ಗುರುತು ಇದೆ ಎಂದು ಸಂಬಂಧವನ್ನು ಮುರಿಯುವವರು ಲೆಕ್ಕವನ್ನು ಒಮ್ಮೆ ಹಾಕಿ ನೋಡಬೇಕು. ಗುರುತುಳ್ಳ ಆ ತಂಗಿಗೆ ರೋಗ ಬರುವ ಸಂಭವ ಐದರಲ್ಲಿ ಒಂದು ಪಾಲಿಗಿಂತ ಹೆಚ್ಚಲ್ಲ. ಅವಳ ಮಗುವಿಗೆ ಗುರುತು ದಾಟುವ ಸಂಭವ ಅರ್ಧ. ದಾಟಿದರೂ ರೋಗ ಬಾರದಿರುವ ಸಂಭವವೇ ಬಹು ದೊಡ್ಡದು. ರೋಗವಿದ್ದವರೂ ಮದುವೆಯಾಗಿ, ಮಕ್ಕಳನ್ನು ಪಡೆದು, ಉದ್ಯೋಗ ನಡೆಸಿಕೊಂಡು ಹೋಗುತ್ತಿದ್ದಾರೆ. ಬೆನ್ನಿನಲ್ಲಿ ನೋವಾಗಲಿ ಬಿಗಿತವಾಗಲಿ ಇಲ್ಲದ ತಂಗಿಯ ರಕ್ತವನ್ನು ಕುತೂಹಲಕ್ಕಾಗಿ ಪರೀಕ್ಷಿಸಬೇಕಾದ ಅವಶ್ಯಕತೆಯೇ ಇಲ್ಲ. ಅವಳಿಗೆ ಬೆಳಗಿನ ಜಾವ ನಡು ಹಿಡಿದು ಎಚ್ಚರವಾಗುತ್ತಿದ್ದರೆ, ಅಥವಾ ಒಂದು ದಿನ ಒಂದು ಕಣ್ಣು ಕೆಂಪಾಗಿ ಬೆಳಕನ್ನು ತಾಳದಾದರೆ, ಆಗ ಅವಳನ್ನು ವೈದ್ಯರ ಬಳಿಗೆ ಕರೆದುಕೊಂಡು ಹೋಗಿ ಅಣ್ಣನ ರೋಗದ ಹೆಸರನ್ನು ಅವರಿಗೆ ಮೊದಲೇ ತಿಳಿಸಬೇಕು.